ಓದುಗರ ಪ್ರಶ್ನೆ, ನಮ್ಮ ಉತ್ತರ: ಬೇರೆ ಭಾಷೆಯ ಕಥೆ ಕನ್ನಡದ ಮನೆಗೆ ಬಂದಾಗ

ಕಿರುತೆರೆಯ ಧಾರಾವಾಹಿಗಳ ಕುರಿತು, ಅದರಲ್ಲೂ ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ ಬರುವ ಕಥೆಗಳ ಕುರಿತು ಕಾಸರಗೋಡು ಜಿಲ್ಲೆಯ ಓದುಗರು ಬರೆದ ಪತ್ರಗಳಲ್ಲಿ ಆರನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಕನ್ನಡ ವಾಹಿನಿಯನ್ನೂ ಮಲಯಾಳ ವಾಹಿನಿಯನ್ನೂ ಒಂದೇ ಸಂಜೆ ಒಂದೇ ಮನೆಯಲ್ಲಿ ನೋಡುವ ಪ್ರೇಕ್ಷಕರು ಇವರು. ಆದ್ದರಿಂದ ಇವರ ಪ್ರಶ್ನೆಗಳಿಗೆ ವಿಶೇಷ ತೂಕವಿದೆ.

ನೀರ್ಚಾಲಿನ ಗೃಹಿಣಿಯೊಬ್ಬರ ಪ್ರಶ್ನೆ: ಕೆಲವು ವರ್ಷಗಳ ಹಿಂದೆ ನಮ್ಮ ಅತ್ತೆಯವರು ಏಷ್ಯಾನೆಟ್‌ನಲ್ಲಿ ‘ಕುಡುಂಬವಿಳಕ್ಕ್’ ನೋಡುತ್ತಿದ್ದರು, ನಾನು ಸ್ಟಾರ್ ಸುವರ್ಣದಲ್ಲಿ ‘ಇಂತಿ ನಿಮ್ಮ ಆಶಾ’ ನೋಡುತ್ತಿದ್ದೆ. ಎರಡೂ ಒಂದೇ ಕಥೆ. ಕನ್ನಡದವರು ಮಲಯಾಳದಿಂದ ಎತ್ತಿಕೊಂಡರು ಎಂದು ಅತ್ತೆ ಈಗಲೂ ಹೇಳುತ್ತಾರೆ. ಇದು ನಿಜವೇ? ಇಂಥ ಕಥೆಗಳನ್ನು ನಾವು ನಮ್ಮದೆಂದು ಹೇಗೆ ನೋಡಬೇಕು?

ಉತ್ತರ: ಕಥೆ ಹುಟ್ಟಿದ್ದು ಮಲಯಾಳದಲ್ಲೂ ಅಲ್ಲ, ಕನ್ನಡದಲ್ಲೂ ಅಲ್ಲ, ಬಂಗಾಳಿಯಲ್ಲಿ. ಲೀನಾ ಗಂಗೋಪಾಧ್ಯಾಯ ಅವರು ಬರೆದ, ಇಂದ್ರಾಣಿ ಹಾಲ್ದಾರ್ ಮುಖ್ಯ ಪಾತ್ರ ವಹಿಸಿದ ‘ಶ್ರೀಮೊಯಿ’ 2019ರಲ್ಲಿ ಸ್ಟಾರ್ ಜಲ್ಸಾ ವಾಹಿನಿಯಲ್ಲಿ ಆರಂಭವಾಯಿತು. ಅದೇ ವರ್ಷ ಕನ್ನಡದಲ್ಲಿ ‘ಇಂತಿ ನಿಮ್ಮ ಆಶಾ’ ಮತ್ತು ಮರಾಠಿಯಲ್ಲಿ ‘ಆಯಿ ಕುಠೇ ಕಾಯ್ ಕರತೇ’ ಬಂದವು. 2020ರಲ್ಲಿ ಮಲಯಾಳದ ‘ಕುಡುಂಬವಿಳಕ್ಕ್’, ತೆಲುಗಿನ ‘ಇಂಟಿಂಟಿ ಗೃಹಲಕ್ಷ್ಮಿ’, ತಮಿಳಿನ ‘ಬಾಕ್ಯಲಕ್ಷ್ಮಿ’ ಮತ್ತು ಹಿಂದಿಯ ‘ಅನುಪಮಾ’ ಒಂದರ ಹಿಂದೆ ಒಂದರಂತೆ ಶುರುವಾದವು. ಇವೆಲ್ಲ ಬಂದದ್ದು ಸ್ಟಾರ್ ಎಂಬ ಒಂದೇ ಸಮೂಹದ ವಾಹಿನಿಗಳಲ್ಲಿ ಆದುದರಿಂದ ಇದರಲ್ಲಿ ಕಳ್ಳತನದ ಮಾತೇ ಬರುವುದಿಲ್ಲ. ಒಂದು ಭಾಷೆಯಲ್ಲಿ ಗೆದ್ದ ಕಥೆಯನ್ನು ಸಮೂಹದ ಉಳಿದ ವಾಹಿನಿಗಳು ತಮ್ಮ ತಮ್ಮ ಬರಹಗಾರರಿಗೆ ಕೊಟ್ಟು ಬರೆಯಿಸುತ್ತವೆ, ಅಷ್ಟೆ. ಅತ್ತೆಯವರಿಗೆ ಇಷ್ಟನ್ನು ತಿಳಿಸಬಹುದು: ಈ ಕಥೆಯ ಮಟ್ಟಿಗೆ ಮಲಯಾಳಕ್ಕಿಂತ ಕನ್ನಡವೇ ಮುಂಚಿತವಾಗಿತ್ತು.

ಎರಡನೆಯ ಪ್ರಶ್ನೆಗೆ ನಿಧಾನವಾಗಿ ಉತ್ತರಿಸಬೇಕು. ವರ್ಷಗಟ್ಟಲೆ ಮನೆಮಂದಿಗಾಗಿ ದುಡಿದ ನಡುವಯಸ್ಸಿನ ಗೃಹಿಣಿ, ಅವಳನ್ನು ಕಡೆಗಣಿಸಿ ಬೇರೊಬ್ಬಳತ್ತ ವಾಲಿದ ಗಂಡ, ಅವಮಾನವನ್ನು ನುಂಗಿಕೊಂಡು ಕೊನೆಗೆ ತನ್ನ ಕಾಲ ಮೇಲೆ ನಿಲ್ಲುವ ಅವಳ ನಿರ್ಧಾರ, ಇಷ್ಟೇ ಈ ಕಥೆಯ ತಿರುಳು. ಇಂಥ ಹೆಂಗಸು ಕೋಲ್ಕತ್ತದಲ್ಲೂ ಇದ್ದಾಳೆ, ನೀರ್ಚಾಲಿನಲ್ಲೂ ಇದ್ದಾಳೆ. ಆದ್ದರಿಂದ ತಿರುಳನ್ನು ಎಲ್ಲಿಂದ ತಂದರೂ ತಪ್ಪಿಲ್ಲ. ಆದರೆ ಅವಳು ಯಾವ ಅಡುಗೆಮನೆಯಲ್ಲಿ ನಿಂತಿದ್ದಾಳೆ, ಮನೆ ಬಿಟ್ಟ ದಿನ ಯಾವ ಬಸ್ಸು ಹತ್ತುತ್ತಾಳೆ, ಮೊದಲ ನೂರು ರೂಪಾಯಿಯನ್ನು ಯಾವ ಕೆಲಸದಿಂದ ದುಡಿಯುತ್ತಾಳೆ ಎಂಬುದನ್ನು ಮಾತ್ರ ಎರವಲು ತರಲಾಗುವುದಿಲ್ಲ. ಹಿಂದಿಯ ‘ಅನುಪಮಾ’ ಆ ಕಥೆಯನ್ನು ಅಹಮದಾಬಾದಿನ ಗುಜರಾತಿ ಕುಟುಂಬದೊಳಗೆ ಕೂರಿಸಿತು. ಆ ಮನೆಯ ತಿಂಡಿ, ಹಬ್ಬ, ಮಾತಿನ ಧಾಟಿ ಎಲ್ಲವೂ ಅದಕ್ಕೆ ತಕ್ಕಂತೆ ಬದಲಾದವು. ಹಿಂದಿಯಲ್ಲಿ ಅದು ಅಷ್ಟು ಆಳವಾಗಿ ಬೇರೂರಿದ್ದಕ್ಕೆ ಇದೂ ಒಂದು ಕಾರಣ ಎಂದು ನಾನು ನಂಬಿದ್ದೇನೆ.

ಇದೇ ಕಥೆಯನ್ನು ನಿಮ್ಮ ಊರಿನಲ್ಲಿ ಇಟ್ಟು ನೋಡಿ. ಅಂಗಳದಲ್ಲಿ ಅಡಿಕೆ ಒಣಗಲು ಹಾಕಿದ್ದಾರೆ. ಮೋಡ ಕವಿದರೆ ಮೊದಲು ಓಡುವವಳು ಅವಳೇ. ಮೆಟ್ಟುಕತ್ತಿಯ ಮೇಲೆ ಕುಳಿತು ಸೌತೆ ಹೆಚ್ಚುತ್ತಿರುವಾಗಲೇ ತೋಟದ ಕೆಲಸದವರಿಗೆ ಹನ್ನೊಂದು ಗಂಟೆಯ ಚಹಾ ಹೋಗಬೇಕು, ಮಾವನ ಮಾತ್ರೆಯ ಹೊತ್ತೂ ಅದೇ. ಸೊಸೈಟಿಯ ಸಾಲ ಗಂಡನ ಹೆಸರಿನಲ್ಲಿದೆ, ಅಡವಿಟ್ಟ ಚಿನ್ನ ಅವಳದ್ದು. ಅವಳು ಮನೆ ಬಿಟ್ಟರೆ ತವರು ಗಡಿಯಾಚೆ ವಿಟ್ಲದಲ್ಲೋ ಪುತ್ತೂರಿನಲ್ಲೋ ಇರಬಹುದು. ಈಚೆಯೇ ಉಳಿದರೆ ಬೀಡಿ ಕಟ್ಟಬಹುದು, ಇಲ್ಲವೇ ಕೇರಳ ಸರಕಾರ 1998ರಲ್ಲಿ ಆರಂಭಿಸಿದ ಕುಟುಂಬಶ್ರೀಯ ಘಟಕವೊಂದಕ್ಕೆ ಸೇರಿ ಉಪ್ಪಿನಕಾಯಿ, ಹಪ್ಪಳ ಮಾಡಿ ಮಾರಬಹುದು. ಆ ಘಟಕದ ವಾರದ ಸಭೆಯಲ್ಲಿ ಮಲಯಾಳ ಮಾತನಾಡುವ ಹೆಂಗಸರ ನಡುವೆ ಕುಳಿತು, ಪಾಸ್ ಪುಸ್ತಕದಲ್ಲಿ ಕನ್ನಡದಲ್ಲಿ ಸಹಿ ಹಾಕುವ ಅವಳ ಮುಖವನ್ನು ಯಾವ ಧಾರಾವಾಹಿಯೂ ನಮಗೆ ತೋರಿಸಿಲ್ಲ. ಹೀಗೆ ಬರೆದರೆ ತಿರುಳು ಬಂಗಾಳದ್ದಾದರೂ ಕಥೆ ನಿಮ್ಮದಾಗುತ್ತದೆ.

ನಮ್ಮ ರೂಪಾಂತರಗಳಲ್ಲಿ ಬಹುಪಾಲು ಇಲ್ಲಿಯೇ ಸೋಲುತ್ತವೆ. ದೊಡ್ಡ ಹಜಾರ, ನಡುವೆ ಮೆಟ್ಟಿಲು, ಮೂಲೆಯಲ್ಲಿ ದೇವರ ಕೋಣೆ, ಎಲ್ಲ ಮಾತೂ ಸೋಫಾದ ಸುತ್ತಲೇ. ವಾರಕ್ಕೆ ಐದಾರು ಕಂತು, ಅರ್ಧ ಗಂಟೆಯ ಕಂತಿನಲ್ಲಿ ಜಾಹೀರಾತು ಕಳೆದರೆ ಸುಮಾರು ಇಪ್ಪತ್ತೆರಡು ನಿಮಿಷದ ಕಥೆ. ಇಷ್ಟನ್ನು ದಿನ ತಪ್ಪದೆ ಚಿತ್ರೀಕರಿಸಬೇಕಾದಾಗ ತೋಟಕ್ಕೂ ಸಂತೆಗೂ ಕ್ಯಾಮೆರಾ ಒಯ್ಯುವುದು ದುಬಾರಿ ಎಂಬುದನ್ನು ಒಪ್ಪುತ್ತೇನೆ. ಆದರೆ ಸಂಭಾಷಣೆಯಲ್ಲಿ ಊರನ್ನು ತರಲು ಖರ್ಚಿಲ್ಲ. ಸಾಲ ಎಷ್ಟು, ಅಡಿಕೆಯ ಧಾರಣೆ ಎಷ್ಟು, ಮಗನ ಶಾಲೆ ಯಾವುದು ಎಂದು ಪಾತ್ರಗಳು ಒಮ್ಮೆ ಹೇಳಿದರೂ ಆ ಹಜಾರಕ್ಕೆ ಒಂದು ವಿಳಾಸ ಸಿಗುತ್ತದೆ.

ಮುಳ್ಳೇರಿಯದ ಓದುಗರೊಬ್ಬರ ಪ್ರಶ್ನೆ: ನಮ್ಮ ಮನೆಮಾತು ಕರಾಡ ಮರಾಠಿ, ಓದುಬರಹ ಎಲ್ಲ ಕನ್ನಡ. ಝೀ ಮರಾಠಿಯ ‘ತುಲಾ ಪಾಹತೇ ರೇ’ಯನ್ನೂ ಅದರ ಕನ್ನಡ ರೂಪವಾದ ‘ಜೊತೆ ಜೊತೆಯಲಿ’ಯನ್ನೂ ನೋಡಿದ್ದೇನೆ. ಮೂಲ ಒಂದು ವರ್ಷದೊಳಗೆ ಮುಗಿಯಿತು, ಕನ್ನಡದ್ದು ಮುಗಿಯಲೇ ಇಲ್ಲವೇನೋ ಎನ್ನಿಸಿತು. ಹೀಗೇಕೆ?

ಉತ್ತರ: ನಿಮ್ಮ ಲೆಕ್ಕ ಸರಿಯಾಗಿದೆ. ಮರಾಠಿಯ ಧಾರಾವಾಹಿ 2018ರ ಆಗಸ್ಟಿನಲ್ಲಿ ತೊಡಗಿ 2019ರ ಜುಲೈಯಲ್ಲಿ ಮುಗಿಯಿತು. ಕನ್ನಡದ್ದು 2019ರ ಸೆಪ್ಟೆಂಬರಿನಲ್ಲಿ ತೊಡಗಿ 2023ರವರೆಗೆ ನಡೆಯಿತು. ನಡುವೆ 2022ರಲ್ಲಿ ನಾಯಕನ ಪಾತ್ರಧಾರಿ ಅನಿರುದ್ಧ ಅವರು ಹೊರಗೆ ಬಂದದ್ದರಿಂದ ಕಥೆಯನ್ನು ಬೇರೆ ದಾರಿಗೆ ತಿರುಗಿಸಬೇಕಾಯಿತು. ಆರಂಭದ ತಿಂಗಳುಗಳಲ್ಲಿ ಆ ಧಾರಾವಾಹಿಗೆ ಸಿಕ್ಕ ಜನಪ್ರೀತಿ ಅಸಾಮಾನ್ಯವಾದದ್ದು. ನಾಯಕಿಯ ತಂದೆತಾಯಿಯ ಪುಟ್ಟ ಮನೆ, ಅಲ್ಲಿನ ಮುಜುಗರ, ಅಲ್ಲಿನ ಆಸೆ, ಇವೆಲ್ಲ ಕನ್ನಡದ ಮಧ್ಯಮ ವರ್ಗಕ್ಕೆ ಚೆನ್ನಾಗಿ ಒಗ್ಗಿದ್ದವು. ಆದರೆ ಮೂಲದ ಕಥೆ ಒಂದು ರಹಸ್ಯದ ಮೇಲೆ ನಿಂತಿತ್ತು. ರಹಸ್ಯದ ಕಥೆಗೆ ಒಂದು ಅಳತೆಯಿರುತ್ತದೆ. ಗುಟ್ಟು ಬಯಲಾಗುವ ಹೊತ್ತನ್ನು ಮುಂದಕ್ಕೆ ಹಾಕುತ್ತಾ ಹೋದಷ್ಟೂ ಪಾತ್ರಗಳು ತಮ್ಮ ಬುದ್ಧಿಯನ್ನು ಕಳೆದುಕೊಂಡವರಂತೆ ಕಾಣತೊಡಗುತ್ತವೆ. ವಾರದ ರೇಟಿಂಗು ಚೆನ್ನಾಗಿರುವವರೆಗೆ ವಾಹಿನಿಗೆ ನಿಲ್ಲಿಸುವ ಮನಸ್ಸಾಗುವುದಿಲ್ಲ, ರೇಟಿಂಗು ಬಿದ್ದ ಮೇಲೆ ಗೌರವದಿಂದ ಮುಗಿಸುವ ಅವಕಾಶ ಉಳಿದಿರುವುದಿಲ್ಲ.

ರೂಪಾಂತರ ಎಂದರೆ ಕಥೆ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಮೂಲದಿಂದ ಕಲಿಯುವುದು. ಇದನ್ನು ನಮ್ಮ ವಾಹಿನಿಗಳು ಇನ್ನೂ ಕಲಿತಿಲ್ಲ ಎಂಬ ನಿಮ್ಮ ಬೇಸರದಲ್ಲಿ ನಾನೂ ಪಾಲುದಾರ.

ಒಂದು ಸಮಾಧಾನದ ಸಂಗತಿಯನ್ನೂ ಇಲ್ಲಿ ಹೇಳಬೇಕು. ಈ ಕೊಡುಕೊಳ್ಳುವಿಕೆ ಒಂದೇ ದಿಕ್ಕಿನದಲ್ಲ. 2024ರ ಜನವರಿಯಲ್ಲಿ ಆರಂಭವಾದ ಝೀ ಕನ್ನಡದ ‘ಲಕ್ಷ್ಮೀ ನಿವಾಸ’ ಅದೇ ವರ್ಷದ ಡಿಸೆಂಬರಿನಲ್ಲಿ ಮರಾಠಿಗೂ ಹೋಯಿತು. ನಿಮ್ಮ ಮನೆಯಲ್ಲಿ ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಲ್ಲವರು ಇದ್ದಾರೆ. ಮರಾಠಿಯವರು ಏನನ್ನು ಬದಲಿಸಿದರು ಎಂದು ನೋಡಿ ಬರೆದರೆ ಸಂತೋಷದಿಂದ ಪ್ರಕಟಿಸುತ್ತೇವೆ.

ಉಪ್ಪಳದ ಓದುಗರ ಪ್ರಶ್ನೆ: ‘ಬಿಗ್ ಬಾಸ್’ ಕೂಡ ರೂಪಾಂತರವೇ?

ಉತ್ತರ: ಹೌದು. 1999ರಲ್ಲಿ ನೆದರ್ಲೆಂಡ್ಸಿನಲ್ಲಿ ಆರಂಭವಾದ ‘ಬಿಗ್ ಬ್ರದರ್’ ಅದರ ಮೂಲ. ಹಿಂದಿಗೆ 2006ರಲ್ಲಿ, ಕನ್ನಡಕ್ಕೆ 2013ರಲ್ಲಿ ಸುದೀಪ್ ಅವರ ನಿರೂಪಣೆಯಲ್ಲಿ, ಮಲಯಾಳಕ್ಕೆ 2018ರಲ್ಲಿ ಮೋಹನ್‌ಲಾಲ್ ಅವರ ನಿರೂಪಣೆಯಲ್ಲಿ ಬಂತು. ಇಲ್ಲಿ ಕೊಂಡುಕೊಳ್ಳುವುದು ಕಥೆಯನ್ನಲ್ಲ, ಆಟದ ನಿಯಮಗಳನ್ನು. ಆದ್ದರಿಂದ ಪ್ರತಿ ಭಾಷೆಯ ಗುಣ ಅಲ್ಲಿ ಒಳಗೆ ಹೋದವರಿಂದಲೂ ನಿರೂಪಕರಿಂದಲೂ ಬರುತ್ತದೆ.

ಕುಂಬಳೆಯ ಕಾಲೇಜು ವಿದ್ಯಾರ್ಥಿಯ ಪ್ರಶ್ನೆ: ಮತ್ತೆ ಚಿತ್ರೀಕರಿಸುವ ಬದಲು ಮೂಲವನ್ನೇ ಕನ್ನಡಕ್ಕೆ ಡಬ್ ಮಾಡಿದರೆ ಆಗದೇ? ಕನ್ನಡದಲ್ಲಿ ಡಬ್ಬಿಂಗ್‌ಗೆ ಇಷ್ಟು ವಿರೋಧ ಏಕಿತ್ತು?

ಉತ್ತರ: ಡಬ್ಬಿಂಗ್ ಬಂದರೆ ಕನ್ನಡದ ಕಲಾವಿದರಿಗೂ ತಂತ್ರಜ್ಞರಿಗೂ ಕೆಲಸ ಹೋಗುತ್ತದೆ, ಕನ್ನಡದಲ್ಲಿ ಹೊಸದನ್ನು ಬರೆಯುವ ಅಗತ್ಯವೇ ಇಲ್ಲದಂತಾಗುತ್ತದೆ ಎಂಬ ಭಯದಿಂದ ದಶಕಗಳ ಕಾಲ ಅದಕ್ಕೆ ಅಲಿಖಿತ ತಡೆಯಿತ್ತು. ಆ ಭಯಕ್ಕೆ ಕಾರಣವಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಕಾನೂನಿನ ದೃಷ್ಟಿಯಲ್ಲಿ ಅದು ನಿಲ್ಲಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗ್ ತಡೆದ ಕನ್ನಡದ ಸಂಘಟನೆಗಳ ವಿರುದ್ಧ ಆದೇಶ ಹೊರಡಿಸಿತು. ಹಿಂದಿಯ ಮಹಾಭಾರತ ಧಾರಾವಾಹಿಯನ್ನು ಬಂಗಾಳಿಗೆ ಡಬ್ ಮಾಡಿ ಪ್ರಸಾರ ಮಾಡುವುದನ್ನು ಅಲ್ಲಿನ ಕಲಾವಿದರ ಒಕ್ಕೂಟ ವಿರೋಧಿಸಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2017ರ ಮಾರ್ಚಿನಲ್ಲಿ ಆಯೋಗದ ನಿಲುವನ್ನು ಎತ್ತಿಹಿಡಿಯಿತು. 2020ರಲ್ಲಿ ಕೊರೊನಾದಿಂದ ಚಿತ್ರೀಕರಣ ನಿಂತಾಗ ಹಿಂದಿಯ ‘ಮಹಾಭಾರತ’ ಕನ್ನಡದ ಧ್ವನಿಯಲ್ಲಿ ಸ್ಟಾರ್ ಸುವರ್ಣಕ್ಕೆ ಬಂತು, ಜನ ಮನೆಮಂದಿಯೊಡನೆ ಕುಳಿತು ನೋಡಿದರು.

ಪುರಾಣದ ಕಥೆಗೆ ಡಬ್ಬಿಂಗ್ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಅರಮನೆ, ರಥ, ಯುದ್ಧಭೂಮಿ ಯಾವ ಭಾಷೆಗೂ ಸ್ವಂತವಲ್ಲ, ಅಲ್ಲಿ ಗೆಲ್ಲಬೇಕಾದದ್ದು ಮಾತು. ನಿಮ್ಮದು ಪಾರ್ತಿಸುಬ್ಬನ ಊರು. ತೊರವೆ ರಾಮಾಯಣದ ಕಥೆಯನ್ನು ಯಕ್ಷಗಾನದ ಪ್ರಸಂಗಗಳಿಗೆ ಇಳಿಸಿದ ಕವಿ ಅವನು. ವೇಷವಿಲ್ಲದೆ ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥವನ್ನು, ಅಂದರೆ ಪದ್ಯಕ್ಕೆ ಅವರು ಕೊಡುವ ಮಾತನ್ನು, ರಾತ್ರಿಯಿಡೀ ಕೇಳಿದವರು ನಿಮ್ಮ ಹಿರಿಯರು. ಒಂದೇ ಪದ್ಯಕ್ಕೆ ಒಬ್ಬ ಅರ್ಥಧಾರಿ ಕೊಡುವ ವಾದ ಇನ್ನೊಬ್ಬನದ್ದಾಗಿರುವುದಿಲ್ಲ, ಆದರೂ ಪ್ರಸಂಗ ಕೆಡುವುದಿಲ್ಲ ಎಂಬುದು ಅವರಿಗೆ ಗೊತ್ತು. ಡಬ್ ಆದ ಧಾರಾವಾಹಿಯ ಕನ್ನಡ ಎಲ್ಲಿ ಸಹಜವಾಗಿದೆ, ಎಲ್ಲಿ ತುಟಿಯ ಚಲನೆಗೆ ತಕ್ಕಂತೆ ಎಳೆದು ಜೋಡಿಸಿದ್ದಾರೆ ಎಂಬುದು ಆ ಕಿವಿಗಳಿಗೆ ಒಡನೆ ತಿಳಿಯುತ್ತದೆ.

ಆದರೆ ಸಂಸಾರದ ಕಥೆಗೆ ಡಬ್ಬಿಂಗ್ ಒಗ್ಗುವುದಿಲ್ಲ. ನಡುವಯಸ್ಸಿನಲ್ಲಿ ಮದುವೆಯಾದ ಜೋಡಿಯ ಕಥೆಯಾದ ಹಿಂದಿಯ ‘ಬಡೇ ಅಚ್ಛೇ ಲಗತೇ ಹೈಂ’ ಅನ್ನು ಡಬ್ ಮಾಡಿ ಹಾಕಿದ್ದರೆ ನಾವು ಒಂದು ವಾರ ನೋಡಿ ಬಿಡುತ್ತಿದ್ದೆವು. ಅದೇ ‘ಅಮೃತಧಾರೆ’ಯಾಗಿ 2023ರಲ್ಲಿ ಬಂದಾಗ ರಾಜೇಶ್ ನಟರಂಗ ಮತ್ತು ಛಾಯಾ ಸಿಂಗ್ ಅವರ ಮಾತಿನ ನಡುವಿನ ಸಂಕೋಚ, ಬೇಕೆಂದೇ ಹೇಳದೆ ಬಿಟ್ಟ ಮಾತು, ಕಣ್ಣು ತಪ್ಪಿಸುವ ರೀತಿ ಎಲ್ಲವೂ ನಮ್ಮ ನೆರೆಮನೆಯದಾಗಿದ್ದವು. ಅದು ಬೇರೆಯವರ ಮುಖಕ್ಕೆ ಕನ್ನಡದ ಧ್ವನಿ ಹೊಂದಿಸಿದರೆ ಬರುವಂಥದ್ದಲ್ಲ.

ಮಂಜೇಶ್ವರದ ನಿವೃತ್ತ ಅಧ್ಯಾಪಕರ ಪ್ರಶ್ನೆ: ಹೊರಗಿನ ಕಥೆಗಳನ್ನೇ ತರುವ ಬದಲು ಕನ್ನಡದ ಕಾದಂಬರಿಗಳನ್ನು ಏಕೆ ಧಾರಾವಾಹಿ ಮಾಡಬಾರದು? ನಮ್ಮ ಜಿಲ್ಲೆಗೆ ಸಂಬಂಧಿಸಿದ ಕೃತಿಯೊಂದನ್ನು ನೀವು ಸೂಚಿಸುವಿರಾ?

ಉತ್ತರ: ಸಾಹಿತ್ಯ ಕೃತಿಗಳನ್ನು ಧಾರಾವಾಹಿ ಮಾಡಿದಾಗಲೆಲ್ಲ ಒಳ್ಳೆಯ ಫಲ ಸಿಕ್ಕಿದೆ. 1986ರಲ್ಲಿ ದೂರದರ್ಶನದಲ್ಲಿ ಬಂದ ‘ಮಾಲ್ಗುಡಿ ಡೇಸ್’ ಅನ್ನು ಯಾರೂ ಮರೆತಿಲ್ಲ. ಆರ್.ಕೆ. ನಾರಾಯಣ್ ಇಂಗ್ಲಿಷಿನಲ್ಲಿ ಬರೆದ ಕಥೆಗಳನ್ನು ಶಂಕರ್ ನಾಗ್ ಆಗುಂಬೆಗೆ ತಂದು ಚಿತ್ರೀಕರಿಸಿದರು. ಕಲ್ಪನೆಯ ಊರಿಗೆ ನಿಜವಾದ ಮಳೆ, ನಿಜವಾದ ಜಗಲಿ, ನಿಜವಾದ ಶಾಲೆಯ ಹುಡುಗರ ಗದ್ದಲ ಸಿಕ್ಕಿತು. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ವನ್ನು ಗಿರೀಶ್ ಕಾಸರವಳ್ಳಿಯವರು ಈಟಿವಿ ಕನ್ನಡಕ್ಕಾಗಿ ಧಾರಾವಾಹಿ ಮಾಡಿದಾಗ ಕಥಾನಾಯಕಿ ನಂಜಮ್ಮನ ಬಡತನವನ್ನು ಅಲಂಕರಿಸದೆ ತೋರಿಸಿದರು. ಪ್ಲೇಗು, ಬರ, ಶಾನುಭೋಗಿಕೆಯ ಲೆಕ್ಕ ಇವು ಪಾತ್ರಗಳಷ್ಟೇ ಮುಖ್ಯವಾಗಿದ್ದವು. ಕಾದಂಬರಿಗೆ ಕೊನೆಯಿದೆ. ದಿನದ ಧಾರಾವಾಹಿಯ ವ್ಯವಹಾರಕ್ಕೆ ಕೊನೆಯಿರುವ ಕಥೆ ಬೇಡವಾಗಿರುವುದೇ ಇಂಥ ಪ್ರಯತ್ನಗಳು ನಿಂತುಹೋಗಲು ದೊಡ್ಡ ಕಾರಣ.

ಈಗ ಒಟಿಟಿಯಿಂದಾಗಿ ಕೆಲವೇ ಕಂತುಗಳ ಸರಣಿಗೆ ಜಾಗ ದೊರೆತಿದೆ. 2024ರಲ್ಲಿ ಮಲಯಾಳದವರು ಎಂ.ಟಿ. ವಾಸುದೇವನ್ ನಾಯರ್ ಅವರ ಒಂಬತ್ತು ಕಥೆಗಳನ್ನು ‘ಮನೋರಥಂಗಳ್’ ಎಂಬ ಹೆಸರಿನಲ್ಲಿ ತೆರೆಗೆ ತಂದರು. ಮಮ್ಮುಟ್ಟಿಯವರೂ ಮೋಹನ್‌ಲಾಲ್ ಅವರೂ ಅದರಲ್ಲಿ ನಟಿಸಿದರು. ಒಬ್ಬ ಬರಹಗಾರ ಬದುಕಿರುವಾಗಲೇ ಆತನ ಭಾಷೆಯ ದೊಡ್ಡ ನಟರೆಲ್ಲ ಆತನ ಕಥೆಗಳಿಗೆ ಒಟ್ಟಾಗಿ ಬಂದದ್ದನ್ನು ನೋಡಿ ನನಗೆ ಸಂತೋಷವೂ ಆಯಿತು, ನಮ್ಮಲ್ಲಿ ಹೀಗಾಗಲಿಲ್ಲವಲ್ಲ ಎಂಬ ಕೊರಗೂ ಉಳಿಯಿತು. ಅದೇ ವರ್ಷ ಕರಾವಳಿಯ ಹಿನ್ನೆಲೆಯ ಏಳು ಕಥೆಗಳ ಕನ್ನಡ ಸರಣಿ ‘ಏಕಂ’ ಸಿದ್ಧವಾಗಿದ್ದರೂ ದೊಡ್ಡ ವೇದಿಕೆಗಳಲ್ಲಿ ಅದಕ್ಕೆ ಜಾಗ ಸಿಗದೆ ತಯಾರಕರು ತಮ್ಮದೇ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು.

ನಿಮ್ಮ ಜಿಲ್ಲೆಯ ಕೃತಿ ಎಂದರೆ ನನ್ನ ಮನಸ್ಸಿಗೆ ಮೊದಲು ಬರುವುದು ನಿರಂಜನರ ‘ಚಿರಸ್ಮರಣೆ’. ಕಯ್ಯೂರಿನ ರೈತರ ಹೋರಾಟವನ್ನೂ, 1943ರ ಮಾರ್ಚ್ 29ರಂದು ಕಣ್ಣೂರಿನ ಜೈಲಿನಲ್ಲಿ ನಾಲ್ವರು ಯುವಕರನ್ನು ಗಲ್ಲಿಗೇರಿಸಿದ್ದನ್ನೂ ಆಧರಿಸಿ ಅವರು 1955ರಲ್ಲಿ ಈ ಕಾದಂಬರಿಯನ್ನು ಬರೆದರು. ಮಲಯಾಳಕ್ಕೆ ಅನುವಾದವಾಗಿ ಕೇರಳದಲ್ಲಿ ಮನೆಮನೆಗೆ ತಲಪಿದ ಕನ್ನಡ ಕೃತಿ ಇದು. ಕಯ್ಯೂರಿನ ಘಟನೆಯ ಮೇಲೆ 1986ರಲ್ಲಿ ಲೆನಿನ್ ರಾಜೇಂದ್ರನ್ ಅವರು ಮಲಯಾಳ ಚಿತ್ರವನ್ನೂ ಮಾಡಿದ್ದಾರೆ. ಕನ್ನಡದಲ್ಲಿ ಹುಟ್ಟಿ, ಮಲಯಾಳದ ನೆಲದ ಕಥೆ ಹೇಳಿ, ಎರಡೂ ಕಡೆ ಓದುಗರನ್ನು ಪಡೆದ ಈ ಕಾದಂಬರಿಯನ್ನು ಎಂಟು ಹತ್ತು ಕಂತುಗಳ ಸರಣಿಯಾಗಿ ಎರಡೂ ಭಾಷೆಗಳಲ್ಲಿ ಒಟ್ಟಿಗೆ ಚಿತ್ರೀಕರಿಸಿದರೆ ಯಾವುದು ಮೂಲ, ಯಾವುದು ರೂಪಾಂತರ ಎಂಬ ಜಗಳವೇ ಹುಟ್ಟುವುದಿಲ್ಲ. ಆ ಊರಿನ ಹೊಳೆಯ ದಡ, ಗೇಣಿ ಅಳೆಯುವ ಕಳ, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿಯುವ ಹುಡುಗರು, ಇವು ತೆರೆಗೆ ಹೇಳಿ ಮಾಡಿಸಿದ ದೃಶ್ಯಗಳು. ಈ ಕೆಲಸವನ್ನು ಯಾರಾದರೂ ಕೈಗೆತ್ತಿಕೊಳ್ಳಲಿ ಎಂದು ಮನಸಾರೆ ಬಯಸುತ್ತೇನೆ.

ಪೆರ್ಲದ ಓದುಗರೊಬ್ಬರ ಪ್ರಶ್ನೆ: ನಮ್ಮ ಕಡೆಯ ಕನ್ನಡ ಟಿವಿಯಲ್ಲಿ ಬಂದರೆ ನಗಿಸುವ ಪಾತ್ರಕ್ಕೆ ಮಾತ್ರ. ನಾಯಕ, ನಾಯಕಿ ಹಾಗೆ ಮಾತನಾಡುವ ಧಾರಾವಾಹಿ ಎಂದಾದರೂ ಬರುವುದೇ? ನಮ್ಮ ಮಾತಿಗೆ ಬೆಲೆ ಇಲ್ಲವೇ?

ಉತ್ತರ: ನಿಮ್ಮ ಮಾತಿಗೆ ಬೆಲೆಯಿದೆ, ನಿಮ್ಮ ಮನೆಯ ಟಿವಿ ಮಾತ್ರ ಎಣಿಕೆಯ ಹೊರಗಿದೆ. ವಾಹಿನಿಗಳು ನಂಬುವುದು ಟಿವಿ ನೋಡುವವರನ್ನು ಎಣಿಸುವ ಬಾರ್ಕ್ ಸಂಸ್ಥೆ ವಾರಕ್ಕೊಮ್ಮೆ ಕೊಡುವ ಅಂಕಿಗಳನ್ನು. ಕನ್ನಡ ವಾಹಿನಿಗಳ ಪೈಪೋಟಿಯನ್ನು ಅಳೆಯುವುದು ಕರ್ನಾಟಕದ ಮಾರುಕಟ್ಟೆಯಲ್ಲಿ, ಮಲಯಾಳದ್ದನ್ನು ಕೇರಳದ ಮಾರುಕಟ್ಟೆಯಲ್ಲಿ. ಪೆರ್ಲದ ಮನೆಯಲ್ಲಿ ಕನ್ನಡ ಧಾರಾವಾಹಿಯನ್ನು ಎಷ್ಟೇ ನಿಷ್ಠೆಯಿಂದ ನೋಡಿದರೂ ಬೆಂಗಳೂರಿನಲ್ಲಿ ಕುಳಿತು ಕಥೆ ನಿರ್ಧರಿಸುವವರ ಕಣ್ಣಿಗೆ ಆ ನೋಟ ಬೀಳುವುದು ಕಷ್ಟ. ರಾಜ್ಯದ ಗಡಿಯನ್ನೇ ಭಾಷೆಯ ಗಡಿಯೆಂದು ಹಿಡಿಯುವ ಲೆಕ್ಕದಿಂದ ಗಡಿನಾಡಿನ ಕನ್ನಡಿಗರಿಗೆ ಅನ್ಯಾಯವಾಗುತ್ತಿದೆ.

ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಕಾಸರಗೋಡಿನ ಮಲಯಾಳವನ್ನೂ ಬಹುಕಾಲ ನಗೆಗೆ ಮಾತ್ರ ಬಳಸುತ್ತಿದ್ದರು. ಕಾಞಂಗಾಡಿನವರೇ ಆದ ಸೆನ್ನ ಹೆಗ್ಡೆಯವರ ‘ತಿಂಗಳಾಳ್ಚ ನಿಶ್ಚಯಂ’ 2021ರಲ್ಲಿ, ರತೀಶ್ ಬಾಲಕೃಷ್ಣನ್ ಪೊದುವಾಳ್ ಅವರ ‘ನ್ನಾ ತಾನ್ ಕೇಸ್ ಕೊಡ್’ 2022ರಲ್ಲಿ ಬಂದ ಮೇಲೆ ಕೇರಳದ ದಕ್ಷಿಣದವರೂ ಆ ಮಾತನ್ನು ಗೌರವದಿಂದ ಕೇಳಿದರು. ಕನ್ನಡದಲ್ಲಿ ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು’ 2018ರಲ್ಲಿ ಗಡಿನಾಡಿನ ಶಾಲೆಯೊಂದನ್ನು ಕಥೆಯ ನಡುವಿಗೆ ತಂದು ಮಕ್ಕಳ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಸಿನಿಮಾದಲ್ಲಿ ಆದದ್ದು ಕಿರುತೆರೆಯಲ್ಲಿ ಆಗದಿರಲು ಕಾರಣವಿಲ್ಲ. ಆ ಮಾತನ್ನು ಬರೆಯಬಲ್ಲವರು ನಿಮ್ಮ ಕಡೆಯಿಂದಲೇ ಬರಬೇಕು.

ಇನ್ನೊಂದು ಉಪಾಯವೂ ನಿಮ್ಮ ಕೈಯಲ್ಲಿದೆ. 2019ರ ಫೆಬ್ರವರಿಯಿಂದ ಜಾರಿಗೆ ಬಂದ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದ ಪ್ರಕಾರ ಬೇಕಾದ ವಾಹಿನಿಯನ್ನು ಬಿಡಿಯಾಗಿ ಆರಿಸಿಕೊಳ್ಳುವ ಹಕ್ಕು ಚಂದಾದಾರರಿಗಿದೆ. ಕೇಬಲ್‌ನವರು ಮಲಯಾಳದ ಪ್ಯಾಕನ್ನು ಮಾತ್ರ ಕೊಟ್ಟರೆ ಕನ್ನಡ ವಾಹಿನಿಗಳ ಹೆಸರು ಬರೆದು ಕೇಳಿ. ಮಾತನ್ನು ಗೇಲಿ ಮಾಡಿದ ಕಂತನ್ನು ಕಂಡಾಗ ವಾಹಿನಿಗೆ ಬರೆಯಿರಿ. ಆ ಪತ್ರದಲ್ಲಿ ಧಾರಾವಾಹಿಯ ಹೆಸರು, ಪ್ರಸಾರವಾದ ದಿನಾಂಕ, ಆಡಿದ ಮಾತು ಇಷ್ಟೂ ಇರಲಿ. ಹತ್ತು ಊರುಗಳಿಂದ ಒಂದೇ ಕಂತಿನ ಬಗ್ಗೆ ಹೋದ ಪತ್ರಗಳನ್ನು ಕಡೆಗಣಿಸುವುದು ವಾಹಿನಿಯವರಿಗೆ ಸುಲಭವಲ್ಲ. ಅದರ ಒಂದು ಪ್ರತಿಯನ್ನು ನಮಗೂ ಕಳುಹಿಸಿ.